ರಿಪೋರ್ಟಿನಲ್ಲಿ ‘ಕಡಿಮೆ’, ಮೈಯಲ್ಲಿ ಬಿಡದ ಸುಸ್ತು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತೀರ್ಥಹಳ್ಳಿ ಕಡೆಯ ಅಡಕೆ ಬೆಳೆಗಾರರು, ವಯಸ್ಸು 38. ತೂಕ 94 ಕೆ.ಜಿ., ಸೊಂಟದ ಸುತ್ತಳತೆ 108 ಸೆಂ.ಮೀ. ಏಳೆಂಟು ತಿಂಗಳಿಂದ ಸುಸ್ತು. ಬೆಳಿಗ್ಗೆ ಏಳುವಾಗಲೇ ತಲೆ ಭಾರ, ಊಟವಾದರೆ ಕೂತಲ್ಲೇ ತೂಕಡಿಕೆ, ಅಡಕೆ ಗೊನೆ ಕೊಯ್ಲಿನ ದಿನ ಆಳುಗಳ ಜೊತೆ ನಿಲ್ಲುವುದೂ ಕಷ್ಟ. ಶಿವಮೊಗ್ಗಕ್ಕೆ ಬಂದಾಗ ಪ್ಯಾಕೇಜ್ ರಕ್ತಪರೀಕ್ಷೆ ಮಾಡಿಸಿದ್ದಾರೆ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಒಂದು ಮಿಲಿಲೀಟರ್‌ಗೆ 2.68 ನ್ಯಾನೋಗ್ರಾಂ, ಪಕ್ಕದಲ್ಲಿ ಕೆಂಪಕ್ಷರದ ‘ಕಡಿಮೆ’. ಪರಿಚಯದವರೊಬ್ಬರು ಅದರದ್ದೇ ಇಂಜೆಕ್ಷನ್ ತಗೊಳ್ಳಿ, ಹುಲಿ ಆಗ್ತೀರಿ ಎಂದಿದ್ದಾರೆ. ಇವರು ಹೆಂಡತಿಯ ಹತ್ತಿರ ಮಾತನ್ನೇ ಕಡಿಮೆ ಮಾಡಿಕೊಂಡಿದ್ದಾರೆ. “ಗಂಡಸುತನವೇ ಹೋದ ಮೇಲೆ ಏನು ಮಾತಾಡೋದು” ಎಂಬುದು ಅವರದೇ ಮಾತು.

ಮೊದಲು ನೋಡಬೇಕಾದದ್ದು ಆ ಕೆಂಪಕ್ಷರವನ್ನಲ್ಲ, ರಿಪೋರ್ಟಿನ ಮೇಲ್ತುದಿಯಲ್ಲಿ ಸಣ್ಣಕ್ಷರದಲ್ಲಿರುವ ‘ಮಾದರಿ ಸಂಗ್ರಹಿಸಿದ ಸಮಯ’ವನ್ನು. ಇಲ್ಲಿ ಮಧ್ಯಾಹ್ನ 3.40 ಎಂದಿತ್ತು, ಅದೂ ಹೋಟೆಲ್ ಊಟ ಮುಗಿಸಿ ಬಂದು. ಈ ಹಾರ್ಮೋನು ಬೆಳಗಿನ ಹೊತ್ತು ಏರಿರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಊಟ, ಅದರಲ್ಲೂ ಸಿಹಿ, ಅದನ್ನು ಇನ್ನಷ್ಟು ಇಳಿಸುತ್ತದೆ. ಹಾಗಾಗಿ ಬೆಳಿಗ್ಗೆ 7ರಿಂದ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಕೊಟ್ಟ ರಕ್ತದಲ್ಲಿ ಎರಡೂ ಸಲ ಕಡಿಮೆ ಬಂದರೆ ಮಾತ್ರ ಅದು ಲೆಕ್ಕಕ್ಕೆ. ಜ್ವರದಲ್ಲಿ, ಜ್ವರ ಬಿಟ್ಟ ಹೊಸತರಲ್ಲಿ ಕೊಡಬಾರದು. ನಮ್ಮ ಕಡೆ ಮಂಗನ ಕಾಯಿಲೆಯಿಂದ ಎದ್ದವರಿಗೆ ವಾರಗಟ್ಟಲೆ ಸುಸ್ತು ಉಳಿಯುವುದುಂಟು. ಆಗ ಮಾಡಿಸಿದ ಹಾರ್ಮೋನ್ ಪರೀಕ್ಷೆ ದುಡ್ಡಿಗೆ ದಂಡ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಮೂರು ದಿನ ಮೊದಲೇ ನಿಲ್ಲಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಟೆಸ್ಟೋಸ್ಟೆರಾನನ್ನು ಸುಳ್ಳೇ ಏರಿಸಿ, ಥೈರಾಯ್ಡಿನ ಟಿಎಸ್ಎಚ್ ಅನ್ನು ಸುಳ್ಳೇ ಇಳಿಸಿ ತೋರಿಸುತ್ತದೆ.

ಎರಡು ಬೆಳಗಿನ ಪರೀಕ್ಷೆಗಳಲ್ಲಿ 352 ಮತ್ತು 338 ಬಂತು. ಅವರು ಹೌಹಾರಿದರು: ಎರಡಿದ್ದದ್ದು ಮುನ್ನೂರು ಆಯಿತೇ? ಈ ಲ್ಯಾಬ್ ಡೆಸಿಲೀಟರ್ ಲೆಕ್ಕದಲ್ಲಿ ಕೊಟ್ಟಿತ್ತು, ಅಷ್ಟೆ. ಹಳೆಯ 2.68 ಅನ್ನು ನೂರರಿಂದ ಗುಣಿಸಿದರೆ 268. ನ್ಯಾನೋಮೋಲ್‌ನಲ್ಲಿ ಕೊಡುವ ಲ್ಯಾಬೂ ಇದೆ, ಅದನ್ನು 28.8ರಿಂದ ಗುಣಿಸಿ ಹೋಲಿಸಬೇಕು. ಕೆಳಮಿತಿಯೂ ಒಂದೇ ಅಲ್ಲ: ಕೆಲವು ಮಾರ್ಗಸೂಚಿ 264 ಎನ್ನುತ್ತವೆ, ಕೆಲವು 300.

338 ಅಂಚಿನ ಸಂಖ್ಯೆಯೇ. ಆದರೆ ಹೊಟ್ಟೆ ಬಂದವರಲ್ಲಿ ಎಸ್ಎಚ್‌ಬಿಜಿ ಎಂಬ ಹೊತ್ತೊಯ್ಯುವ ಪ್ರೋಟೀನ್ ಕಡಿಮೆ ಇರುತ್ತದೆ, ಅದರಿಂದ ಒಟ್ಟು ಮೊತ್ತವೂ ಕಡಿಮೆ ಕಾಣುತ್ತದೆ. ಇವರದು 16, ಕಡಿಮೆಯೇ. ಅದನ್ನೂ ರಕ್ತದ ಇನ್ನೊಂದು ಪ್ರೋಟೀನಾದ ಆಲ್ಬುಮಿನ್ನನ್ನೂ ಸೇರಿಸಿ ಲೆಕ್ಕ ಹಾಕಿದಾಗ ಬಿಡಿ, ಅಂದರೆ ಪ್ರೋಟೀನಿಗೆ ಅಂಟದೆ ಉಳಿದ, ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. (ಲ್ಯಾಬಿನವರು ‘ಫ್ರೀ’ ಎಂದು ನೇರವಾಗಿ ಅಳೆದು ಕೊಡುವ ಅಗ್ಗದ ಪರೀಕ್ಷೆಯನ್ನು ನಂಬುವ ಹಾಗಿಲ್ಲ.) ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಎರಡು ಹಾರ್ಮೋನುಗಳೂ ಸಹಜ: ಟೆಸ್ಟೋಸ್ಟೆರಾನ್ ತಯಾರಿಸಲು ವೃಷಣಕ್ಕೆ ಹೇಳುವ ಎಲ್ಎಚ್, ಹೆಚ್ಚಾದರೆ ಅದನ್ನು ತಗ್ಗಿಸುವ ಪ್ರೊಲ್ಯಾಕ್ಟಿನ್. ಟೆಸ್ಟೋಸ್ಟೆರಾನ್ 150ಕ್ಕಿಂತ ಕೆಳಗಿದ್ದು ಎಲ್ಎಚ್ ಕೂಡ ಏರದಿದ್ದರೆ, ಇಲ್ಲವೇ ತಲೆನೋವಿನ ಜೊತೆ ಅಕ್ಕಪಕ್ಕದ ನೋಟ ಕುಗ್ಗಿದ್ದರೆ ಪಿಟ್ಯುಟರಿಗೆ ಎಂಆರ್‌ಐ ಬೇಕಾಗುತ್ತದೆ. ಇವರಿಗೆ ಆ ಪ್ರಶ್ನೆ ಬರಲಿಲ್ಲ. ಬೆಳಿಗ್ಗೆ ಏಳುವಾಗ ತಾನಾಗಿ ಆಗುವ ಶಿಶ್ನದ ಉದ್ರೇಕವೂ ತಪ್ಪಿರಲಿಲ್ಲ. ಕೇಳಲು ಮುಜುಗರವಾದರೂ ಬರೀ ಸುಸ್ತಿಗಿಂತ ಹೆಚ್ಚು ಹೇಳುವ ಪ್ರಶ್ನೆ ಇದು.

ಹಾಗಾದರೆ ಸುಸ್ತು ಎಲ್ಲಿಂದ? ಉತ್ತರ ಸಿಕ್ಕಿದ್ದು ಹೆಂಡತಿಯನ್ನು ಒಳಗೆ ಕರೆದು ಕೂರಿಸಿದಾಗ. ಗೊರಕೆ ತಡೆಯಲಾರದೆ ಅವರು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ಗೊರಕೆ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ ಎಂದರು. ಗಂಡ ಇದನ್ನೇ ‘ನನ್ನಿಂದ ದೂರ ಆದಳು’ ಎಂದುಕೊಂಡಿದ್ದರು. ಈ ಒಂದು ಗಂಟು ಬಿಚ್ಚಿದ್ದೇ ಆಪ್ತಸಲಹೆಯ ದೊಡ್ಡ ಪಾಲು. ನಿದ್ರೆಯ ಪರೀಕ್ಷೆಯಲ್ಲಿ ಗಂಟೆಗೆ 34 ಸಲ ಉಸಿರು ತಡೆ ಬಂತು. 30 ದಾಟಿದರೆ ತೀವ್ರ. ಜೊತೆಗೆ ವಿಟಮಿನ್ ಬಿ12 148, ಅಂದರೆ ಕಡಿಮೆ; ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1, ಮಧುಮೇಹದ ಅಂಚು. ಮನೆಯಲ್ಲಿ ಶುದ್ಧ ಸಸ್ಯಾಹಾರ, ಮೇಲೆ ಎರಡು ವರ್ಷದಿಂದ ದಿನಾ ಆಸಿಡಿಟಿಯ ಮಾತ್ರೆ ಪ್ಯಾಂಟೊಪ್ರಜೋಲ್. ಬಿ12 ಬೀಳಲು ಇಷ್ಟು ಸಾಕು.

ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಗ್ಗೆ ಖಡಾಖಂಡಿತ ಹೇಳಿದ್ದು ಇದು. ಗಂಡ ಹೆಂಡತಿ ಎರಡನೇ ಮಗು ಬೇಕೆನ್ನುತ್ತಿದ್ದಾರೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮಿದುಳು ಎಲ್ಎಚ್ ಮತ್ತು ವೀರ್ಯಾಣು ಬೆಳೆಯಲು ಬೇಕಾದ ಎಫ್ಎಸ್ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ, ವೃಷಣ ಕೆಲಸ ಬಿಡುತ್ತದೆ, ಕೆಲವೇ ತಿಂಗಳಲ್ಲಿ ವೀರ್ಯಾಣು ಸೊನ್ನೆಗೆ ಇಳಿಯಬಹುದು. ನಿಲ್ಲಿಸಿದ ಮೇಲೂ ಮರಳಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಬೇಕು. ರಕ್ತ ಗಟ್ಟಿಯಾಗುವ ಅಪಾಯ ಬೇರೆ. ಚಿಕಿತ್ಸೆಯಾಗದ ತೀವ್ರ ಉಸಿರುತಡೆ ಇದ್ದವರಿಗೆ ಅದನ್ನು ಶುರು ಮಾಡುವಂತೆಯೂ ಇಲ್ಲ.

ವೈದ್ಯರು ಬಿ12 ಚುಚ್ಚುಮದ್ದು, ಮಲಗಿದಾಗ ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರುದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬರೆದರು. ಪ್ಯಾಂಟೊಪ್ರಜೋಲ್ ಇನ್ನೂ ಬೇಕೇ ಎಂದು ಅವರನ್ನೇ ಕೇಳಿ ನಿರ್ಧರಿಸಲು ಹೇಳಿದೆವು. ಸಿಪ್ಯಾಪ್ ಹಾಕಿದರೆ ಹಾರ್ಮೋನು ಏರುತ್ತದೆ ಎಂದು ಆಸೆ ತೋರಿಸಲಿಲ್ಲ. ಅದು ನಿದ್ರೆ ಕೊಡುತ್ತದೆ, ಹಾರ್ಮೋನು ಏರಿಸುವುದು ತೂಕದ ಇಳಿಕೆ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರಾದ್ದರಿಂದ ಇನ್ವರ್ಟರಿಗೆ ಯಂತ್ರ ಜೋಡಿಸಿ, ಕರೆಂಟ್ ಹೋದ ರಾತ್ರಿ ಯಂತ್ರದೊಳಗಿನ ಹೀಟರ್ ಬಂದ್ ಇಡಬೇಕು, ಬ್ಯಾಟರಿ ತಿನ್ನುವುದು ಅದೇ. ಮಾಸ್ಕನ್ನು ದಿನಾ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸದಿದ್ದರೆ ಆಷಾಢದ ಥಂಡಿಗೆ ಬೂಸ್ಟು ಹಿಡಿಯುತ್ತದೆ. ಅಡಕೆ ಸುಲಿಯುವ ಕಾಲದಲ್ಲೂ ರಾತ್ರಿ ಹನ್ನೊಂದರೊಳಗೆ ಹಾಸಿಗೆ.

ಮುಂದಿನ ಎಚ್‌ಬಿಎ1ಸಿ, ಬಿ12 ಪರೀಕ್ಷೆ ಮೂರು ತಿಂಗಳಿಗೆ. ಟೆಸ್ಟೋಸ್ಟೆರಾನನ್ನು ತೂಕ ಐದಾರು ಕೆ.ಜಿ. ಇಳಿಯುವವರೆಗೆ ಮುಟ್ಟುವುದು ಬೇಡ ಎಂದೆವು. ಮಗುವಿಗಾಗಿ ಪ್ರಯತ್ನಿಸಿ ಒಂದು ವರ್ಷ ತುಂಬಿದರೆ ಮಾಡಿಸಬೇಕಾದದ್ದು ವೀರ್ಯ ಪರೀಕ್ಷೆ, ಎರಡರಿಂದ ಏಳು ದಿನದ ಸಂಯಮದ ನಂತರ; ಹೆಂಡತಿಗೂ ಆಗಲೇ ಸ್ತ್ರೀರೋಗ ತಜ್ಞರ ತಪಾಸಣೆ.