ಬಾಯಿ ಬಿಟ್ಟ ಜಿಪ್ಪು

ಸೂಜಿಮೊನೆ: ಓದುಗರ ಪ್ರಶ್ನೆಗಳಿಗೆ ವಿರಾಜಪೇಟೆಯ ಟೈಲರ್ ಅಕ್ಕನ ಉತ್ತರ

ಜಡಿಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಕೊಡಗಿನ ಕಡೆ ಮದುವೆ ಇಲ್ಲ, ಹೊಸ ಬಟ್ಟೆ ಹೊಲಿಸುವವರೂ ಇಲ್ಲ. ಅಂಗಡಿಗೆ ಬರುವುದೆಲ್ಲ ನೀರು ತೊಟ್ಟಿಕ್ಕುವ ಜಾಕೆಟ್ಟುಗಳೇ. ಪತ್ರಗಳಲ್ಲೂ ಅದೇ ಕತೆ. ಹಾಗಾಗಿ ಈ ಸಲ ಜಿಪ್ಪಿನ ಪ್ರಶ್ನೆಗಳನ್ನೇ ಒಟ್ಟು ಮಾಡಿಕೊಂಡು ಕೂತಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ತೋಟಕ್ಕೆ ಹಾಕಿಕೊಂಡು ಹೋಗುವ ಮಳೆ ಜಾಕೆಟ್ಟಿಗೆ ಎರಡೇ ಮಳೆಗಾಲ ಆಗಿದೆ. ಜಿಪ್ಪನ್ನು ಕುತ್ತಿಗೆವರೆಗೆ ಎಳೆದರೆ ಹಿಂದಿನಿಂದಲೇ ಬಾಯಿ ಬಿಟ್ಟುಕೊಂಡು ಬರುತ್ತದೆ. ಒಂದು ಕಡೆ ತೋರಿಸಿದ್ದಕ್ಕೆ ಪೂರ್ತಿ ಜಿಪ್ಪು ಬದಲಿಸಬೇಕು, 350 ರೂಪಾಯಿ ಅಂದರು. ಹೊಸ ಜಾಕೆಟ್ಟೇ 1,200ಕ್ಕೆ ಸಿಗುತ್ತದೆ. ಹೊಲಿಸಲಾ, ಹೊಸದೇ ತಗೊಳ್ಳಲಾ?
– ಓದುಗರು, ನಾಪೋಕ್ಲು

ಉತ್ತರ: ಸದ್ಯಕ್ಕೆ ಎರಡೂ ಬೇಡ ತಂಗಿ. ಹಲ್ಲು ಒಂದೂ ಉದುರದೆ, ಎಳೆದ ಮೇಲೆ ಹಿಂದಿನಿಂದ ಬಿಚ್ಚಿಕೊಳ್ಳುತ್ತಿದ್ದರೆ ಕೆಟ್ಟಿರುವುದು ಜಿಪ್ಪಲ್ಲ, ಹಲ್ಲು ಕೂಡಿಸುತ್ತಾ ಮೇಲೆ ಕೆಳಗೆ ಓಡುವ ಅದರ ರನ್ನರ್. ನನ್ನ ಹತ್ತಿರ ಬರುವ ಜಾಕೆಟ್ಟುಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಇದೇ.

ರನ್ನರ್ ಒಳಗೆ ಎರಡು ದಾರಿ ಬಂದು ಒಂದಾಗುತ್ತವೆ, ರಸ್ತೆಯ ಕವಲಿನ ಹಾಗೆ. ಎರಡೂ ಕಡೆಯ ಹಲ್ಲುಗಳನ್ನು ಅದು ಓರೆಯಾಗಿ ತಂದು, ಒತ್ತಿ, ಒಂದರೊಳಗೊಂದು ಕೂರಿಸುತ್ತದೆ. ಎಳೆದೂ ಎಳೆದೂ ಅದರ ಮೇಲಿನ ತಗಡಿಗೂ ಕೆಳಗಿನ ತಗಡಿಗೂ ನಡುವೆ ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಒತ್ತು ಸಾಲದೆ ಹಲ್ಲು ಕೂರುವುದಿಲ್ಲ. ಮನೆಯಲ್ಲಿ ಕಟಿಂಗ್ ಪ್ಲೇಯರ್ ಇದ್ದೇ ಇರುತ್ತದಲ್ಲ, ತಗೊಳ್ಳಿ. ರನ್ನರನ್ನು ಪೂರ್ತಿ ಕೆಳಗೆ ತನ್ನಿ. ಹಲ್ಲುಗಳು ಒಂದಾಗಿ ಹೊರಬರುವ ತುದಿ ಇದೆಯಲ್ಲ, ಅಲ್ಲಿ ಎಡಗಡೆ ಅಂಚನ್ನು ಒಮ್ಮೆ, ಬಲಗಡೆ ಅಂಚನ್ನು ಒಮ್ಮೆ ಮೆಲ್ಲಗೆ ಅದುಮಿ. ಎಳೆದು ನೋಡಿ. ಸಾಲದಿದ್ದರೆ ಇನ್ನೊಂದು ಚೂರು. ನಿಮ್ಮ ಯಜಮಾನರ ಕೈಗೆ ಕೊಡಬೇಡಿ, ಗಂಡಸರು ಒಂದೇ ಸಲ ಗಟ್ಟಿಯಾಗಿ ಹಿಸುಕುತ್ತಾರೆ. ಸಾಮಾನ್ಯವಾಗಿ ರನ್ನರ್ ಸತುವಿನ ಮಿಶ್ರಲೋಹದ್ದು, ಬಗ್ಗುವುದಕ್ಕಿಂತ ಟಕ್ಕೆಂದು ಮುರಿಯುವುದೇ ಹೆಚ್ಚು.

ಅದುಮಿದ್ದು ಒಂದು ಮಳೆಗಾಲ ಬಂದರೆ ಪುಣ್ಯ. ಆಮೇಲೆ ರನ್ನರ್ ಒಂದನ್ನೇ ಬದಲಿಸಿ, ನನ್ನ ಅಂಗಡಿಯಲ್ಲಿ 40 ರೂಪಾಯಿ. ಬೆನ್ನಿನ ಮೇಲೆ 3, 5, 8 ಅಂತ ಅಂಕಿ ಇರುತ್ತದೆ. ಮುಚ್ಚಿದ ಹಲ್ಲಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. ಅಂಕಿ ಒಂದೇ ಅಂತ ಲೋಹದ ಹಲ್ಲಿನ ರನ್ನರನ್ನು ನೈಲಾನ್ ಜಿಪ್ಪಿಗೆ ಹಾಕಲು ಹೋಗಬೇಡಿ, ನಡೆಯುವುದಿಲ್ಲ. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ಮಳೆ ಜಾಕೆಟ್ಟಿನ ಪೂರ್ತಿ ಜಿಪ್ಪು ಬದಲಿಸಲು ನಾನು ಹಿಂದೇಟು ಹಾಕುವುದಕ್ಕೆ ಒಂದು ಕಾರಣ ಇದೆ. ಹನ್ನೆರಡು ವರ್ಷದ ಹಿಂದೆ ತೋಟದ ಲೆಕ್ಕ ಬರೆಯುವ ಒಬ್ಬ ರೈಟರ್ ಅಣ್ಣನ ಜಾಕೆಟ್ಟಿಗೆ ಹೊಸ ಜಿಪ್ಪು ಹಾಕಿಕೊಟ್ಟೆ. ಹೊಲಿಗೆ ನೋಡಿದರೆ ಕಂಪನಿಯದೇ ಅನ್ನಬೇಕು, ಅಷ್ಟು ಚೆಂದ. ಮೂರನೇ ದಿನ ಎದೆ ತುಂಬ ಒದ್ದೆ ಮಾಡಿಕೊಂಡು ಬಂದು ಕೌಂಟರ್ ಮುಂದೆ ನಿಂತರು. ಬೈಯಲಿಲ್ಲ, ಅಂಗಿ ಹಿಂಡಿ ತೋರಿಸಿದರು. ಹಳೆಯ ಹೊಲಿಗೆಯ ತೂತು ಬಿಟ್ಟು ಪಕ್ಕದಲ್ಲಿ ಹೊಸ ತೂತು ಹೊಡೆದಿದ್ದೆ. ಹೊಲಿಗೆಯ ತೂತು ಮುಚ್ಚುವ ಒಳಗಿನ ಪಟ್ಟಿಯನ್ನು ತಿರುಗಿ ಅಂಟಿಸಿರಲಿಲ್ಲ. ತಪ್ಪು ನನ್ನದೇ, ದುಡ್ಡು ವಾಪಸ್ ಕೊಟ್ಟೆ. ನೀರು ತಡೆಯುವ ಬಟ್ಟೆಗೆ ಸೂಜಿ ಹೊಡೆದ ಒಂದೊಂದು ತೂತೂ ಒಂದೊಂದು ನಲ್ಲಿ. ಈಗ ಹಳೆಯ ತೂತಲ್ಲೇ ಸೂಜಿ ಇಳಿಸುತ್ತೇನೆ, ಮೆಷಿನ್ನಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಅರ್ಧ ದಿನ ಹಿಡಿಯುತ್ತದೆ. 350 ಕೇಳಿದವರು ಹಾಗೆ ಮಾಡುವುದಾದರೆ ಹೆಚ್ಚೇನಲ್ಲ.

ಆದರೆ ಅಷ್ಟು ಖರ್ಚು ಮಾಡುವ ಮೊದಲು ಜಾಕೆಟ್ಟನ್ನು ಒಳಗು ಹೊರಗು ಮಾಡಿ ಹೆಗಲು ನೋಡಿ. ಒಳಗಿನ ಲೇಪ ಸುಲಿದ ಚರ್ಮದಂತೆ ಬಿಳಿ ಚಕ್ಕೆಯಾಗಿ ಏಳುತ್ತಿದ್ದರೆ ಅದರ ಕಾಲ ಮುಗಿಯಿತು, ಚಿನ್ನದ ಜಿಪ್ಪು ಹಾಕಿದರೂ ಮಳೆ ಒಳಗೆ ಬರುತ್ತದೆ. ಹೆಗಲು ನುಣುಪಾಗಿ, ಗಟ್ಟಿಯಾಗಿದ್ದರೆ ರಿಪೇರಿಗೆ ಕಣ್ಣು ಮುಚ್ಚಿ ಕೊಡಿ.

ಹಾಂ, ಒಣಗಿಸುವುದು ಎಲ್ಲಿ? ಅಗ್ಗಿಷ್ಟಿಕೆ ಮೇಲೆ ಬೋರಲು ಹಾಕುತ್ತಿದ್ದರೆ ನಿಲ್ಲಿಸಿ. ಕಾವಿಗೆ ನೈಲಾನ್ ಹಲ್ಲು ಅಲೆಯಲೆಯಾಗಿ ಬಾಗಿದರೆ ಮತ್ತೆ ನೇರ ಮಾಡಲು ನನ್ನಿಂದಲ್ಲ, ಯಾರಿಂದಲೂ ಆಗದು.

ಪ್ರಶ್ನೆ: ನಮ್ಮ ತಂದೆಯವರು ಸೈನ್ಯದಲ್ಲಿದ್ದಾಗ ಹಾಕುತ್ತಿದ್ದ ದಪ್ಪ ಜಾಕೆಟ್ಟು ಒಂದಿದೆ. ಹಿತ್ತಾಳೆ ಜಿಪ್ಪು ಹಸಿರು ಹಿಡಿದು ಅರ್ಧದಲ್ಲೇ ನಿಂತುಹೋಗಿದೆ, ಕೆಳಗೆ ಒಂದು ಹಲ್ಲು ಇಲ್ಲ. ಮಕ್ಕಳು ಬಿಸಾಡಿ ಅನ್ನುತ್ತಾರೆ. ಬಿಸಾಡಲು ಮನಸ್ಸಿಲ್ಲ. ಹೊಸ ಪ್ಲಾಸ್ಟಿಕ್ ಜಿಪ್ಪು ಹಾಕಿಸಬಹುದೇ?
– ನಿವೃತ್ತ ಶಿಕ್ಷಕರು, ಸೋಮವಾರಪೇಟೆ

ಉತ್ತರ: ನಮಸ್ಕಾರ ಮೇಷ್ಟ್ರೇ. ಪ್ಲಾಸ್ಟಿಕ್ ಬೇಡವೇ ಬೇಡ. ಆ ದಪ್ಪ ಬಟ್ಟೆಗೆ ಅದು ಹೊಂದುವುದಿಲ್ಲ, ನೋಡಲಿಕ್ಕೂ ಕಚ್ಚೆಗೆ ಟೈ ಕಟ್ಟಿದ ಹಾಗಿರುತ್ತದೆ.

ಹಸಿರು ಅಂದರೆ ನಮ್ಮ ಗಾಳಿಯ ಪಸೆಗೆ ಹಿತ್ತಾಳೆ ಹಿಡಿಸಿಕೊಂಡ ಕಿಲುಬು, ಅಷ್ಟೇ. ಹಳೆಯ ಟೂತ್‌ಬ್ರಶ್ಶನ್ನು ನಿಂಬೆರಸದಲ್ಲಿ ಅದ್ದಿ ಹಲ್ಲಿಗೆ ಮಾತ್ರ ಉಜ್ಜಿ; ಐದು ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಹುಳಿ ಉಳಿಯಬಾರದು. ಹುಣಸೆ ಬೇಡ, ಬಟ್ಟೆಯಲ್ಲಿ ಕಲೆ ಉಳಿಯುತ್ತದೆ. ನಮ್ಮ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಉಪಯೋಗಿಸಲಾ ಅಂತ ಒಬ್ಬರು ಕೇಳಿದ್ದರು, ಅದು ಪಂದಿ ಕರಿಗೇ ಇರಲಿ. ಒಣಗಿದ ಮೇಲೆ ಮೇಣದ ಬತ್ತಿಯನ್ನು ಹಲ್ಲಿನ ಎರಡೂ ಬದಿಗೆ ತಿಕ್ಕಿ, ರನ್ನರನ್ನು ಒಂದೊಂದು ಹಲ್ಲಿನಷ್ಟೇ ಹಿಂದೆ ಮುಂದೆ ಆಡಿಸಿ. ಸಡಿಲವಾಗುತ್ತದೆ. ತೆಂಗಿನೆಣ್ಣೆ ಹಾಕಿದರೆ ಇವತ್ತು ಜಾರುತ್ತದೆ, ಬರುವ ವಾರ ಧೂಳು ಕಚ್ಚಿಕೊಂಡು ಮೊದಲಿಗಿಂತ ಬಿಗಿಯಾಗುತ್ತದೆ, ಬಟ್ಟೆಗೂ ಜಿಡ್ಡು.

ಉದುರಿದ ಹಲ್ಲಿನ ಚಿಂತೆ ಬಿಡಿ. ಲೋಹದ ಜಿಪ್ಪಿನ ಒಂದೊಂದು ಹಲ್ಲೂ ಪಟ್ಟಿಯ ಅಂಚನ್ನು ಕಚ್ಚಿ ಕೂತಿರುವ ಬಿಡಿ ತುಂಡು. ಅದೇ ಅಳತೆಯ ಹಳೆಯ ಜಿಪ್ಪಿನಿಂದ ಒಂದನ್ನು ಬಿಡಿಸಿ ಇಲ್ಲಿ ಅದುಮಿ ಕೂರಿಸಬಹುದು. ತಾಳ್ಮೆ ಇರುವ ಟೈಲರ್ ಬೇಕು. ನೈಲಾನ್ ಆಗಿದ್ದರೆ ಆಗುತ್ತಿರಲಿಲ್ಲ, ಅದರ ಹಲ್ಲು ಸ್ಪ್ರಿಂಗಿನ ಹಾಗೆ ಒಂದೇ ಎಳೆ. ಆದರೆ ಬುಡದಲ್ಲಿ ಕಡ್ಡಿ ತೂರಿಸುವ ಜಾಗ ನೋಡಿಕೊಳ್ಳಿ: ಅಲ್ಲಿನ ಪಟ್ಟಿ ನೂಲುನೂಲಾಗಿ ಬಿಚ್ಚಿದ್ದರೆ ಜಿಪ್ಪು ಬದಲಿಸದೆ ಗತಿಯಿಲ್ಲ. ಬದಲಿಸಿದರೂ ಹಿತ್ತಾಳೆಯದನ್ನೇ ಕೇಳಿ ಹಾಕಿಸಿ. ಸರಿಯಾದ ಮೇಲೆ ಬೀರುವಿನಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಹಾಕಿಕೊಂಡು ಓಡಾಡಿ.

ಪ್ರಶ್ನೆ: ಅಕ್ಕಾ, ನನ್ನ ಚೂಡಿದಾರ್ ಟಾಪಿನ ಬೆನ್ನಿನಲ್ಲಿ ಕಾಣದ ಹಾಗೆ ಇಡುವ ಜಿಪ್ಪು. ಎರಡು ಸಲ ಬದಲಿಸಿದೆ, ಎರಡು ಸಲವೂ ಸೊಂಟದ ಹತ್ತಿರವೇ ಕಿತ್ತು ಬಂತು. ಟಾಪು ಹೊಸದು.
– ಕುಶಾಲನಗರ

ಉತ್ತರ: ಜಿಪ್ಪಿಗೆ ಬೈಯಬೇಡ ಮಗಾ. ಸೊಂಟದಲ್ಲಿ ಮೇಲಿನ ತುಂಡು ಕೆಳಗಿನ ತುಂಡು ಸೇರುವಲ್ಲಿ ಬಟ್ಟೆ ನಾಲ್ಕು ಮಡಿಕೆ ದಪ್ಪ ಇರುತ್ತದೆ, ಪುಟ್ಟ ರನ್ನರ್ ಅಲ್ಲಿ ಎಡವುತ್ತದೆ; ನೀನು ಉಸಿರು ಬಿಗಿಹಿಡಿದು ಎಳೆಯುತ್ತೀ. ಮೂರನೇ ಸಲ ಬದಲಿಸುವಾಗ ಆ ಮಡಿಕೆಯನ್ನು ಕತ್ತರಿಸಿ ತೆಳ್ಳಗೆ ಮಾಡಲು ಹೇಳು, ಎರಡೂ ಪಕ್ಕದಲ್ಲಿ ಅರ್ಧ ಅರ್ಧ ಇಂಚು ಬಿಡಿಸಲೂ ಹೇಳು. ಒಳಗೆ ಬಟ್ಟೆ ಬಿಟ್ಟಿಲ್ಲದಿದ್ದರೆ ಟಾಪನ್ನು ತಂಗಿಗೆ ಕೊಡು.

ಪ್ರಶ್ನೆ: ಜೀನ್ಸ್ ಜಿಪ್ಪು ತಾನಾಗಿಯೇ ಕೆಳಗೆ ಇಳಿಯುತ್ತದೆ, ಕಾಲೇಜಿನಲ್ಲಿ ಮರ್ಯಾದೆ ಹೋಗುತ್ತಿದೆ. ಇನ್ನೊಂದು ಪ್ರಶ್ನೆ: ರನ್ನರ್ ಮೇಲೆ ವೈಕೆಕೆ ಅಂತ ಇದೆ, ಹಾಗಂದರೇನು?
– ಪೊನ್ನಂಪೇಟೆ

ಉತ್ತರ: ರನ್ನರನ್ನು ಹಿಡಿದು ಎಳೆಯುವ ಕಿವಿಯಡಿಯಲ್ಲಿ ಒಂದು ಸಣ್ಣ ಮುಳ್ಳಿರುತ್ತದೆ. ಕಿವಿ ಮಡಚಿದಾಗ ಅದು ಹಲ್ಲಿನ ನಡುವೆ ಇಳಿದು ಬೀಗ ಹಾಕುತ್ತದೆ. ನಿನ್ನದರಲ್ಲಿ ಆ ಮುಳ್ಳು ಸವೆದಿದೆ. ಬೀಗ ಇರುವ ರನ್ನರನ್ನೇ ಕೇಳಿ ಹಾಕಿಸು. ಅಲ್ಲಿಯವರೆಗೆ ಕೀ ಬಂಚಿನ ರಿಂಗೊಂದನ್ನು ಕಿವಿಯ ತೂತಿಗೆ ಹಾಕಿ ಮೇಲಿನ ಗುಂಡಿಗೆ ಸಿಕ್ಕಿಸಿಕೋ, ಹೊರಗೆ ಕಾಣುವುದಿಲ್ಲ. ವೈಕೆಕೆ ಜಪಾನಿನ ಕಂಪನಿ, 1934ರಲ್ಲಿ ತದಾವೊ ಯೋಶಿದಾ ಅನ್ನುವವರು ಶುರು ಮಾಡಿದ್ದು. ಮೊದಲ ಅಕ್ಷರ ಅವರ ಮನೆ ಹೆಸರಿನದು. ನಕಲಿಯೂ ಬರುತ್ತದೆ, ಅಕ್ಷರ ನೋಡಿ ಮರುಳಾಗಬೇಡ, ಎಳೆದು ನೋಡು.

ಪ್ರಶ್ನೆ: ಮಗನ ಜಾಕೆಟ್ಟು, ಕೊಂಡಾಗ 450 ರೂಪಾಯಿ. ಜಿಪ್ಪಿನ ಹಲ್ಲು ಮೂರು ಕಡೆ ಹೋಗಿದೆ, ಮೊಣಕೈ ಹತ್ತಿರ ಬಟ್ಟೆ ಬಲೆಯಾಗಿದೆ, ತೋಳೂ ಗಿಡ್ಡವಾಗಿದೆ. ರಿಪೇರಿ ಮಾಡಿಸಿದರೆ ಇನ್ನೊಂದು ವರ್ಷ ಬರಬಹುದಾ?
– ಸಿದ್ದಾಪುರ

ಉತ್ತರ: ಇಲ್ಲಮ್ಮ, ಬಿಡಿ. ಹೊಸ ಜಿಪ್ಪಿಗೂ ಕೂಲಿಗೂ 200 ಆಗುತ್ತದೆ, ಅಷ್ಟು ಹೊತ್ತಿಗೆ ಹುಡುಗ ಇನ್ನೆರಡು ಇಂಚು ಬೆಳೆದಿರುತ್ತಾನೆ. ಆದರೆ ಹಾಗೇ ಬಿಸಾಡಬೇಡಿ. ರನ್ನರ್ ಬಿಗಿಯಾಗಿದ್ದರೆ ಬಿಡಿಸಿ ಇಟ್ಟುಕೊಳ್ಳಿ, ಜೇಬಿನ ಜಿಪ್ಪು ಚೆನ್ನಾಗಿದ್ದರೆ ಅದನ್ನೂ. ನನ್ನ ಮೆಷಿನ್ನಿನ ಪಕ್ಕದಲ್ಲಿ ಹಾರ್ಲಿಕ್ಸ್ ಬಾಟಲಿ ತುಂಬ ಅಂಥ ರನ್ನರ್‌ಗಳಿವೆ. ಪೇಟೆಯಲ್ಲಿ ಸಿಗದ ಅಳತೆ ಎಷ್ಟೋ ಸಲ ಅದರಲ್ಲೇ ಸಿಕ್ಕಿದೆ. ವಿರಾಜಪೇಟೆ ಕಡೆ ಬಂದಾಗ ನಿಮ್ಮದನ್ನೂ ತಂದುಕೊಡಿ, ಮುಂದಿನ ರಿಪೇರಿಯಲ್ಲಿ ಹತ್ತು ರೂಪಾಯಿ ಬಿಡುತ್ತೇನೆ.