ಮಾತ್ರೆ ಎಣಿಸಿದರೆ ಸಾಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಮೆಟ್‌ಫಾರ್ಮಿನ್ ಮಾತ್ರೆಗಳಿವೆ. ಕೇಳಿದರೆ ತಪ್ಪದೆ ತೆಗೆದುಕೊಳ್ಳುತ್ತೇನೆ ಎನ್ನುತ್ತಾರೆ, ಆದರೆ ತಿಂಗಳ ಕೊನೆಗೆ ಮಾತ್ರೆಗಳು ಉಳಿದಿರುತ್ತವೆ. ನಿಜ ತಿಳಿಯುವುದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇದು ನಿಮ್ಮ ಮನೆಯೊಂದರ ಸಂಗತಿಯಲ್ಲ. ದೀರ್ಘಕಾಲದ ಕಾಯಿಲೆಯವರಲ್ಲಿ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರು ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು.

ತಾರೀಕು ಬರೆದಿಟ್ಟುಕೊಂಡು ಎಣಿಸಿ. 30 ದಿನಗಳ 60 ಮಾತ್ರೆಗಳಲ್ಲಿ 14 ಉಳಿದರೆ ಪಾಲನೆ ಸುಮಾರು ಶೇ. 77. ಅಧ್ಯಯನಗಳಲ್ಲಿ, ಸರಿಯಾಗಿ ಪಾಲಿಸಿದ್ದಾರೆ ಎನ್ನಲು ಶೇ. 80ನ್ನು ಗಡಿಯಾಗಿ ಇಟ್ಟುಕೊಳ್ಳುವುದು ರೂಢಿ. ಅದು ಲೆಕ್ಕದ ಅನುಕೂಲಕ್ಕೆ ಎಳೆದ ಗೆರೆ, ಎಲ್ಲ ಕಾಯಿಲೆಗೂ ಒಪ್ಪುವಂಥದ್ದಲ್ಲ. ಉಳಿದ 14 ಮಾತ್ರೆಗಳು ಹದಿನಾಲ್ಕು ರಾತ್ರಿಗಳವೋ, ಒಂದಿಡೀ ವಾರದವೋ ಎಂಬುದನ್ನು ಈ ಶೇಕಡಾವಾರು ಹೇಳುವುದಿಲ್ಲ. ದಿನ, ಹೊತ್ತು ಬರೆದ ಖಾನೆಗಳ ಡಬ್ಬಿಯಿಟ್ಟರೆ ಅದು ತಿಳಿಯುತ್ತದೆ. ಆದರೂ ಡಬ್ಬಿಯಿಂದ ಹೋದದ್ದೆಲ್ಲ ಹೊಟ್ಟೆಗೇ ಹೋಯಿತೆನ್ನಲು ಬರುವುದಿಲ್ಲ.

ಕೆಲವು ದೇಶಗಳಲ್ಲಿ ಔಷಧಿ ಅಂಗಡಿಯ ದಾಖಲೆಗಳಿಂದ, ಎಷ್ಟು ದಿನಗಳಿಗೆ ಸಾಲುವಷ್ಟು ಮಾತ್ರೆ ಕೊಂಡಿದ್ದಾರೆಂದು ಲೆಕ್ಕ ಹಾಕುತ್ತಾರೆ. ಒಂದಿಷ್ಟನ್ನು ಡೊಂಬಿವಲಿಯಲ್ಲಿ, ಊರಿಗೆ ಹೋದಾಗ ಇನ್ನೊಂದಿಷ್ಟನ್ನು ಕುಂದಾಪುರದಲ್ಲೋ ಉಡುಪಿಯಲ್ಲೋ ಕೊಳ್ಳುವ ನಮ್ಮವರಿಗೆ ಆ ಲೆಕ್ಕ ಕೂಡಿಬರುವುದು ಕಷ್ಟ.

ರಕ್ತಪರೀಕ್ಷೆಯನ್ನೂ ಸಾಕ್ಷಿಯೆಂದು ಹಿಡಿಯಬೇಡಿ. ಪರೀಕ್ಷೆಗೆ ನಾಲ್ಕು ದಿನ ಮೊದಲು ಶಿಸ್ತು ಬಂದರೆ ಬರಿಹೊಟ್ಟೆಯ ಸಕ್ಕರೆ ಚೆನ್ನಾಗಿಯೇ ಕಾಣಬಹುದು. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆ ಅಷ್ಟು ಸುಲಭಕ್ಕೆ ಮೋಸಹೋಗುವುದಿಲ್ಲ. ಆದರೆ ಮಾತ್ರೆಯ ಪ್ರಮಾಣ ಸಾಲದಿದ್ದರೂ, ಊಟದಲ್ಲಿ ಪಥ್ಯ ತಪ್ಪಿದರೂ ಅದು ಏರುತ್ತದೆ, ರಕ್ತಹೀನತೆಯಿದ್ದರೆ ದಾರಿ ತಪ್ಪಿಸುವುದೂ ಉಂಟು.

ಇವೆಲ್ಲಕ್ಕಿಂತ ಕೇಳುವ ರೀತಿಯ ಮೇಲೆ ನನಗೆ ಹೆಚ್ಚು ನಂಬಿಕೆ. ‘ಮಾತ್ರೆ ತಗೊಂಡ್ರಾ?’ ಎಂದರೆ ಹಿರಿಯರು ಹೂಂ ಎನ್ನದೆ ಇನ್ನೇನೆಂದಾರು? ‘ಅಪ್ಪಾ, ಈ ವಾರ ಎಷ್ಟು ಸಲ ತಪ್ಪಿತು? ತಗೊಂಡ ಮೇಲೆ ಏನಾದರೂ ತೊಂದರೆಯಾಗುತ್ತದೆಯೇ?’ ಎಂದು ಕೇಳಿ. ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಡುವುದು ಸಾಮಾನ್ಯ. ಲೋಕಲ್ ರೈಲಿನಲ್ಲಿ ಹೊರಡಬೇಕಾದ ದಿನ ಅವರು ಬೇಕೆಂದೇ ಬಿಡುತ್ತಿರಬಹುದು. ಅದು ಮರೆವಲ್ಲವಾದ್ದರಿಂದ ಮೊಬೈಲಿನ ಅಲಾರಾಂ ಪ್ರಯೋಜನಕ್ಕೆ ಬಾರದು. ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಬೇಕು. ಹೋಗುವಾಗ ಉಳಿದ ಮಾತ್ರೆಗಳನ್ನು ಪಟ್ಟಿಸಹಿತ ಒಯ್ಯಿರಿ. ತಪ್ಪಿದ್ದು ಗೊತ್ತಿಲ್ಲದ ವೈದ್ಯರು, ಇಷ್ಟು ಸಾಲದೆಂದು ತಿಳಿದು, ಔಷಧಿಯನ್ನು ಇನ್ನೂ ಹೆಚ್ಚಿಸಿಬಿಡಬಹುದು.