ಹೂ ಬಿಡುವ ಕಾಲಕ್ಕೆ ಶಾಲೆ ಬಿಡುವ ಮಕ್ಕಳು

ಹೋದ ಸಂಚಿಕೆಯಲ್ಲಿ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ, ಅವರು ಇರಬೇಕಾದದ್ದು ಶಾಲೆಯಲ್ಲಿ ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಬೈಗುಳ. ಇರಲಿ, ಬೈದವರು ಓದಿದ್ದಾರೆ ಅಂತಾಯ್ತು. ಹೊಸ ಓದುಗರಿಗೆ ಒಂದು ಮಾತು. ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ವಕೀಲೆಯಲ್ಲ. ಕಾನೂನಿನ ವಿಷಯ ಬಂದಲ್ಲಿ ತಿಳಿದವರನ್ನು ಕೇಳಿಯೇ ಬರೆದಿದ್ದೇನೆ.

ಪ್ರಶ್ನೆ: ನನ್ನದು ಅರ್ಧ ಎಕರೆ ಸೀಡ್ಸ್ ಪ್ಲಾಟ್. ಹೊರಗಿನ ಮಕ್ಕಳನ್ನು ಕರೆಯುವುದಿಲ್ಲ. ನನ್ನ ಸ್ವಂತ ಮಗಳು, 12 ವರ್ಷ, ಅವಳೊಬ್ಬಳೇ ಕ್ರಾಸಿಂಗ್‌ಗೆ ಬರುತ್ತಾಳೆ. ಮನೆಯ ಹೊಲದಲ್ಲಿ ಮಕ್ಕಳು ಕೆಲಸ ಮಾಡಬಹುದು ಅಂತ ಕಾನೂನೇ ಹೇಳುತ್ತದಂತೆ. ನಿಮಗೇನು ತೊಂದರೆ?
ಒಬ್ಬ ರೈತ, ಕುಷ್ಟಗಿ ತಾಲ್ಲೂಕು

ಕಾನೂನು ಹಾಗೆ ಹೇಳುವುದು ನಿಜ. ಆದರೆ ನಿಮಗೆ ಹೇಳಿದವರು ಅರ್ಧಕ್ಕೇ ನಿಲ್ಲಿಸಿದ್ದಾರೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಯವರ ಹೊಲಕ್ಕೆ, ಮನೆಯವರ ಕಸುಬಿಗೆ ನೆರವಾಗಬಹುದು. ಅದೂ ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ, ಅಪಾಯವಿಲ್ಲದ ಕೆಲಸಕ್ಕೆ ಮಾತ್ರ.

ಈಗ ನಿಮ್ಮ ಹೊಲಕ್ಕೆ ಬರೋಣ. ಕ್ರಾಸಿಂಗ್ ಅಂದರೇನು ಅಂತ ನಿಮಗೆ ನಾನು ಹೇಳಬೇಕಿಲ್ಲ, ಪೇಟೆಯ ಓದುಗರಿಗೆ ಹೇಳುತ್ತೇನೆ. ಎರಡು ಬೇರೆ ಹತ್ತಿಯನ್ನು ಕೈಯಿಂದ ಕೂಡಿಸಿ ಮಿಶ್ರತಳಿ ಬೀಜ ಮಾಡುವ ಕೆಲಸ ಅದು. ಬೀಜ ಕಟ್ಟುವುದಕ್ಕೆ ಹೆಣ್ಣು ಗಿಡ, ಪರಾಗ ಕೊಡುವುದಕ್ಕೆ ಗಂಡು ಗಿಡ ಅನ್ನುತ್ತಾರೆ. ಮಧ್ಯಾಹ್ನದ ಮೇಲೆ ಹೆಣ್ಣು ಗಿಡದ ಸಾಲಿಗೆ ಇಳಿಯಬೇಕು. ನಾಳೆ ಅರಳುವ ಮೊಗ್ಗು ಯಾವುದು ಅಂತ ಬಣ್ಣ ನೋಡಿ ಹಿಡಿಯಬೇಕು. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ಎಸಳನ್ನೂ ಒಳಗಿನ ಪರಾಗದ ಗೊಂಚಲನ್ನೂ ಒಟ್ಟಿಗೆ ತಿರುವಿ ಕೀಳಬೇಕು. ನಡುವಿನ ಎಳೆ ಮುರಿಯಿತೋ, ಕಾಯಿ ಹೋಯಿತು. ಬೋಳು ಮೊಗ್ಗಿಗೆ ಗುರುತಿಗಾಗಿ ಕೆಂಪು ಕಾಗದ ಮುಚ್ಚಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ತಂದು, ಕಾಗದ ತೆಗೆದು, ಒಂದು ಗಂಡು ಹೂವಿನ ಪರಾಗವನ್ನು ನಾಲ್ಕೈದು ಹೆಣ್ಣು ಹೂವಿಗೆ ಸವರಬೇಕು. ಮಧ್ಯಾಹ್ನ ಮತ್ತೆ ನಾಳೆಯ ಮೊಗ್ಗು. ಹೀಗೆ ಎರಡು ತಿಂಗಳಿಗೂ ಜಾಸ್ತಿ. ಹೂವಿಗೆ ಭಾನುವಾರ ಗೊತ್ತಿಲ್ಲ.

'ಶಾಲೆ ಬಿಟ್ಟ ಮೇಲೆ' ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಪರಾಗ ಸವರುವುದು ಬೆಳಗಿನ ಕೆಲಸ, ಮೊಗ್ಗು ಕೀಳುವುದು ಮಧ್ಯಾಹ್ನದ ಮೇಲಿನ ಕೆಲಸ. ನಡುವೆ ಶಾಲೆಗೆ ಉಳಿಯುವುದು ಬಿಸಿಯೂಟದ ಹೊತ್ತು ಮಾತ್ರ. ಆಗಸ್ಟ್‌ನಲ್ಲಿ ಶುರುವಾದ ಕ್ರಾಸಿಂಗ್ ದಸರಾ ದಾಟುತ್ತದೆ. ಅಷ್ಟರಲ್ಲಿ ಅರ್ಧ ವರ್ಷದ ಪಾಠ ಮುಗಿದಿರುತ್ತದೆ. ಭಿನ್ನರಾಶಿಯ ಪಾಠಕ್ಕೆ ಬಾರದ ಹುಡುಗಿ ನೇರವಾಗಿ ದಶಮಾಂಶದ ಲೆಕ್ಕಕ್ಕೆ ಬಂದು ಕೂರುತ್ತಾಳೆ. ಬೋರ್ಡಿನ ಮೇಲಿರುವುದು ಒಂದೂ ತಿಳಿಯುವುದಿಲ್ಲ. ಹಿಂದಿನ ಸಾಲಿಗೆ ಸರಿಯುತ್ತಾಳೆ. ಮುಂದಿನ ವರ್ಷ ಹತ್ತಿ ಹೂ ಬಿಡುವ ಮೊದಲೇ ಬರುವುದು ನಿಲ್ಲುತ್ತದೆ. ಯಾಕಮ್ಮಾ ಅಂದರೆ 'ನನಗ ವಿದ್ಯಾ ಹತ್ತಂಗಿಲ್ರಿ ಟೀಚರ್' ಅನ್ನುತ್ತಾಳೆ. ಈ ಮಾತನ್ನು ನಾನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದ್ದೇನೋ. ಅಪ್ಪಂದಿರೂ ಅದನ್ನೇ ಹೇಳುತ್ತಾರೆ, ನಂಬಿಕೊಂಡೇ ಹೇಳುತ್ತಾರೆ.

ಇನ್ನು ಎಣ್ಣೆ ಹೊಡೆಯುವ ವಿಷಯ. ಕೀಟನಾಶಕ ಹೊಡೆದ ಮರುದಿನವೂ ಮೊಗ್ಗು ಅರಳುತ್ತದಲ್ಲ? ಎದೆಮಟ್ಟದ ಗಿಡಗಳನ್ನು ಸರಿಸುತ್ತಾ ನಿಮ್ಮ ಮಗಳು ಅದೇ ಸಾಲಿನಲ್ಲಿ ನಡೆಯುತ್ತಾಳೆ. ಅದೇ ಕೈಯಲ್ಲಿ ರೊಟ್ಟಿ ತಿನ್ನುತ್ತಾಳೆ. ದೊಡ್ಡವರು ತಡೆದುಕೊಳ್ಳುವಷ್ಟು ವಿಷವನ್ನು ಎಳೆಯ ಮೈ ತಡೆದುಕೊಳ್ಳುವುದಿಲ್ಲ. ಇದನ್ನು ಅಪಾಯವಿಲ್ಲದ ಕೆಲಸ ಅಂತ ನೀವು ಹೇಗೆ ಅನ್ನುತ್ತೀರಿ?

ಇಷ್ಟು ಹೇಳಿ ನಿಮ್ಮೊಬ್ಬರನ್ನೇ ಕಟಕಟೆಗೆ ನಿಲ್ಲಿಸಿದರೆ ಅನ್ಯಾಯ. ಬೀಜದ ಕಂಪನಿ ಆರ್ಗನೈಸರ್‌ಗೆ, ಅಂದರೆ ನಡುವಿನ ಏಜೆಂಟನಿಗೆ, ಮುಂಗಡ ಕೊಡುತ್ತದೆ, ಆರ್ಗನೈಸರ್ ನಿಮಗೆ ಕೊಡುತ್ತಾನೆ. ಬೀಜದ ದರ ಕಟ್ಟುವುದು ಮೇಲಿನವರು. ಬೀಜ ಶುದ್ಧತೆಯ ಪರೀಕ್ಷೆಯಲ್ಲಿ ಫೇಲಾದರೆ ನಷ್ಟ ಮಾತ್ರ ನಿಮ್ಮದು. ಈ ಬೆಳೆಯಲ್ಲಿ ಖರ್ಚಿನ ದೊಡ್ಡ ಪಾಲು ಆಳಿನ ಕೂಲಿಗೇ ಹೋಗುತ್ತದೆ. ಗೊಬ್ಬರದ ಅಂಗಡಿಯವನ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಮಗಳ ಹತ್ತಿರ ಚೌಕಾಸಿಯೇ ಬೇಕಿಲ್ಲ. ಹಾಗಾಗಿ ಉಳಿತಾಯವೆಲ್ಲ ಅವಳ ತಲೆಯ ಮೇಲೆ ಬರುತ್ತದೆ.

ಮಾಡಬಹುದಾದದ್ದು ಹೇಳುತ್ತೇನೆ. ಮನೆಯ ದೊಡ್ಡವರ ಕೈಗೆ ನೀಗುವಷ್ಟೇ ಪ್ಲಾಟ್ ಹಾಕಿ. ಒಪ್ಪಂದ ಮಾಡುವಾಗ ದೊಡ್ಡವರ ಕೂಲಿಯ ಲೆಕ್ಕ ಹಿಡಿದೇ ದರ ಕೇಳಿ. ಒಬ್ಬರೇ ಕೇಳಿದರೆ ಆರ್ಗನೈಸರ್ ಪಕ್ಕದ ಊರಿಗೆ ಹೋಗುತ್ತಾನೆ, ಊರಿನವರೆಲ್ಲ ಸೇರಿ ಕೇಳಬೇಕು. ಮಕ್ಕಳನ್ನು ದುಡಿಸಬಾರದು ಎಂಬ ಷರತ್ತು ನಿಮ್ಮ ಕರಾರಿನಲ್ಲಿ ಇದೆಯಾ ನೋಡಿ. ಇದ್ದರೆ ಒಳ್ಳೆಯದೇ ಆಯಿತು. ಷರತ್ತು ಹಾಕಿದವರು ಅದಕ್ಕೆ ತಕ್ಕ ದರವನ್ನೂ ಕೊಡಬೇಕು ಅಲ್ವಾ? ಇನ್ನೊಂದು, ಹೆಣ್ಣು ಗಿಡದಲ್ಲಿ ಪರಾಗವೇ ಬಾರದಂಥ ತಳಿಗಳಿವೆ. ಅವುಗಳಲ್ಲಿ ಮೊಗ್ಗು ಬೋಳಿಸುವ ಕೆಲಸವೇ ಇರುವುದಿಲ್ಲ. ಅಂಥದ್ದು ಸಿಗುತ್ತದಾ ಅಂತಲೂ ವಿಚಾರಿಸಿ. ಮತ್ತೆ ಮಗಳನ್ನು ಸೋಮವಾರದಿಂದ ಶಾಲೆಗೆ ಕಳಿಸಿ. ಹಂಗಾಮು ಮುಗಿದ ಮೇಲೆ ಅನ್ನಬೇಡಿ.

ಪ್ರಶ್ನೆ: ಮಕ್ಕಳ ಬೆರಳು ನಾಜೂಕು, ಅದಕ್ಕೇ ಇಂಥ ಕೆಲಸ ಅವರಿಂದಲೇ ಚೆನ್ನಾಗಿ ಆಗುತ್ತದೆ ಅನ್ನುತ್ತಾರೆ. ನಿಜವಾ? ಬಡತನ ಹೋಗದೆ ಬಾಲಕಾರ್ಮಿಕ ಪದ್ಧತಿ ಹೋಗುತ್ತದಾ?
ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಬೆರಳಿನ ಮಾತು ಕೆಲಸ ಕೊಡುವವರು ಕಟ್ಟಿದ ಕತೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಜಾತಿಯ ಹತ್ತಿ ಕೂಡಿಸಿ 'ವರಲಕ್ಷ್ಮಿ' ಮಿಶ್ರತಳಿಯನ್ನು ಹೊರತಂದರು. ಅದೂ ಕೈಯಿಂದ ಮಾಡಿದ ಕ್ರಾಸಿಂಗೇ. ಆ ವಿಜ್ಞಾನಿಗಳೇನು ಹತ್ತು ವರ್ಷದ ಹುಡುಗರಾಗಿದ್ದರಾ? ಮಕ್ಕಳು ಬೇಕಾಗುವುದು ಬೇರೆ ಕಾರಣಕ್ಕೆ. ಕೂಲಿ ಕಡಿಮೆ, ಎದುರು ಮಾತಿಲ್ಲ, ಗದರಿದರೆ ಕೈ ಚುರುಕಾಗುತ್ತದೆ. ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು ಅಂದುಕೊಳ್ಳುತ್ತಾರೆ.

ಬಡತನ ಕಾರಣವೇ. ಆದರೆ 'ಬಡತನ' ಅಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯುತ್ತದೆ, ಕೈಕಟ್ಟಿ ಕೂರಬಹುದು. ನಾನಿದ್ದ ಊರಲ್ಲಿ ಒಂದೇ ಓಣಿ, ಅಷ್ಟೇ ಬಡವರಾದ ಎರಡು ಮನೆ. ಒಂದು ಮನೆಯ ಮಗು ಶಾಲೆಯಲ್ಲಿ, ಇನ್ನೊಂದರದು ಹೊಲದಲ್ಲಿ. ಆ ಎರಡನೆಯ ಮನೆಯ ಕತೆ ಕೇಳುತ್ತಾ ಹೋದರೆ ಏನಾದರೂ ಒಂದು ಸಿಗುತ್ತಿತ್ತು. ಆಸ್ಪತ್ರೆಗೋ ಮದುವೆಗೋ ತಂದ ಮುಂಗಡ. ತಾಯಿ ಕೂಲಿಗೆ ಹೋದರೆ ಕೂಸು ನೋಡಿಕೊಳ್ಳಲು ಯಾರೂ ಇಲ್ಲದಿರುವುದು. ಐದನೇ ಕ್ಲಾಸಿನ ನಂತರ ಶಾಲೆ ಪಕ್ಕದ ಊರಲ್ಲಿ, ಬಸ್ಸಿಲ್ಲ. ಹುಡುಗಿ ದೊಡ್ಡವಳಾದಳು. ಕುಡಿಯುವ ಗಂಡಸು. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಮದ್ದಿದೆ. ಬಡತನವೆಲ್ಲ ಹೋಗುವವರೆಗೆ ಕಾಯಬೇಕಾಗಿಲ್ಲ.

ಮುಂಗಡವನ್ನೇ ನೋಡಿ. ಸಾಲ ತೀರುವವರೆಗೆ ಇಲ್ಲೇ ದುಡಿ ಅನ್ನುವುದು ಜೀತ. 1976ರ ಕಾಯ್ದೆ ಅದನ್ನು ರದ್ದು ಮಾಡಿದೆ, ಆ ಸಾಲವೂ ಅದರ ಜೊತೆಗೇ ರದ್ದು. ಎಷ್ಟು ಮನೆಗಳಿಗೆ ಇದು ಗೊತ್ತಿದೆ? ಸಾಲ ಕೊಟ್ಟವನಿಗೆ ಮಾತ್ರ ಗೊತ್ತಿರುತ್ತದೆ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಮಗು ಕಡಿಮೆ ಕೂಲಿಗೆ ಸಿಕ್ಕುವಾಗ ಅದರ ತಾಯಿಗೆ ಪೂರ್ತಿ ಕೂಲಿ ಯಾಕೆ ಕೊಡುತ್ತಾರೆ? ಬಡತನದಿಂದ ಮಗು ದುಡಿಯುತ್ತದೆ, ಮಗು ದುಡಿಯುವುದರಿಂದ ದೊಡ್ಡವರ ಕೂಲಿ ಏರುವುದಿಲ್ಲ. ಓದದೆ ಬೆಳೆದ ಅದೇ ಮಗು ನಾಳೆ ಅದೇ ಕೂಲಿಗೆ ನಿಲ್ಲುತ್ತದೆ. ಮಕ್ಕಳ ಹಕ್ಕಿಗಾಗಿ ದುಡಿದ ಹೈದರಾಬಾದಿನ ಶಾಂತಾ ಸಿನ್ಹಾ ಅವರು ಶಾಲೆಯ ಹೊರಗಿರುವ ಪ್ರತಿ ಮಗುವನ್ನೂ ಬಾಲಕಾರ್ಮಿಕ ಅಂತಲೇ ಎಣಿಸಬೇಕು ಎಂದು ಹಟ ಹಿಡಿದು, ಬಡವರ ಊರುಗಳಲ್ಲೇ ಕೆಲಸ ಮಾಡಿದರು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೊದಲು ಮಗು ಶಾಲೆಗೆ, ಆಮೇಲೆ ಉಳಿದ ಮಾತು. ನನಗೂ ಇದೇ ಸರಿ ಅನ್ನಿಸುತ್ತದೆ.

ಜನಗಣತಿ ಪ್ರಕಾರ 5ರಿಂದ 14 ವರ್ಷದ ದುಡಿಯುವ ಮಕ್ಕಳು 2001ರಲ್ಲಿ 1.26 ಕೋಟಿ ಇದ್ದರು, 2011ರಲ್ಲಿ 1.01 ಕೋಟಿ. ಕಡಿಮೆಯಾಗಿದ್ದು ಬರೀ ಜೇಬು ತುಂಬಿದ್ದರಿಂದ ಅಂತ ನಾನು ನಂಬುವುದಿಲ್ಲ. 2002ರಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯಿತು. ಆ ವರ್ಷ ನನ್ನ ಕ್ಲಾಸಿನ ಮಧ್ಯಾಹ್ನದ ಹಾಜರಿ ನೋಡಿದ್ದರೆ ನೀವೂ ನಂಬುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಎಷ್ಟೋ ಮಕ್ಕಳು ತಂದೆ ತಾಯಿ ಜೊತೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ತಡೆಯುವುದು ಹೇಗೆ?
ಶಿಕ್ಷಕ, ಯಾದಗಿರಿ ಜಿಲ್ಲೆ

ಸರ್, ದೊಡ್ಡವರನ್ನು ತಡೆಯುವುದು ನಮ್ಮ ಕೈಲಿಲ್ಲ. ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವುದು ಸ್ವಲ್ಪ ಮಟ್ಟಿಗೆ ಆಗುತ್ತದೆ, ಆದರೆ ಲಾರಿ ಹತ್ತುವ ದಿನ ಹೋಗಿ ಬುದ್ಧಿ ಹೇಳಿದರೆ ಆಗುವುದಿಲ್ಲ. ಮೇಸ್ತ್ರಿ ಮುಂಗಡ ಹಂಚಲು ಊರಿಗೆ ಬರುವ ದಿನ ನಿಮ್ಮ ಮಕ್ಕಳಿಗೇ ಗೊತ್ತಿರುತ್ತದೆ. ಅವರನ್ನೇ ಕೇಳಿ. ಅದಕ್ಕೂ ಮೊದಲೇ ಹೋಗುವ ಮನೆಗಳ ಪಟ್ಟಿ ಮಾಡಿ, ಎಸ್‌ಡಿಎಂಸಿ (ಶಾಲಾ ಸಮಿತಿ) ಠರಾವಿನ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಗುಳೆಯ ತಿಂಗಳುಗಳಲ್ಲಿ ಮಕ್ಕಳು ಉಳಿಯಲು ಋತುಮಾನ ಹಾಸ್ಟೆಲ್ ಬೇಕು ಅಂತ ಬರೆಯಿರಿ. ಆರನೇ ಕ್ಲಾಸಿಗೆ ಬಂದ ಹುಡುಗಿಯರಿಗೆ ಕಸ್ತೂರಬಾ ವಸತಿ ಶಾಲೆ ಇದೆ. ಅಜ್ಜಿ ಇರುವ ಮನೆಯಾದರೆ ಅಜ್ಜಿಯ ಹತ್ತಿರವೇ ಮಾತಾಡಿ. ಅಪ್ಪನಿಗಿಂತ ಬೇಗ ಒಪ್ಪುತ್ತಾಳೆ.

ಹೋಗಿಯೇ ಹೋದರೆ, ಯಾವ ಕ್ಲಾಸು, ಏನು ಓದಿದೆ ಅಂತ ಒಂದು ಚೀಟಿ ಬರೆದು ತಾಯಿಯ ಕೈಗೆ ಕೊಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ (ವರ್ಗಾವಣೆ ಪತ್ರ) ಇಲ್ಲ ಅಂತ ಅಲ್ಲಿನ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಬೇಕು. ಆದರೆ ಶೆಡ್ಡಿನಲ್ಲಿರುವ ತಾಯಿಗೆ ಶಾಲೆಯ ಬಾಗಿಲಿಗೆ ಹೋಗಲು ಧೈರ್ಯ ಬೇಕು, ಆ ಚೀಟಿ ಅಷ್ಟು ಧೈರ್ಯ ಕೊಡುತ್ತದೆ.

ದಿನದ ಗೈರುಹಾಜರಿ ಬಗ್ಗೆ ನನ್ನದು ಒಂದೇ ಪಟ್ಟು. ಮೂರನೇ ದಿನಕ್ಕೆ ಮನೆಗೆ ಹೋಗಬೇಕು. ಒಂದು ವಾರ ಬಿಟ್ಟ ಮಗುವನ್ನು ಕರೆತರಬಹುದು, ಒಂದು ಹಂಗಾಮು ಬಿಟ್ಟ ಮಗುವಿಗೆ ನಾಚಿಕೆ ಶುರುವಾಗಿರುತ್ತದೆ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬರುವ ಹುಡುಗಿಯರನ್ನು ನಾನು ವಾಪಸ್ ಕಳಿಸುತ್ತಿರಲಿಲ್ಲ. ಕೂಸು ಚಿಕ್ಕ ಕ್ಲಾಸಿನ ನಲಿ-ಕಲಿ ಪಾಠದ ಕಾರ್ಡು ಕಚ್ಚುತ್ತಾ ಮೂಲೆಯಲ್ಲಿ ಕೂತಿರುತ್ತಿತ್ತು. ತಪಾಸಣೆಗೆ ಬಂದವರು ಮುಖ ಸಿಂಡರಿಸುತ್ತಿದ್ದರು. ಸಿಂಡರಿಸಲಿ ಬಿಡಿ, ಅಕ್ಕ ಎರಡಕ್ಷರ ಕಲಿತಳಲ್ಲ.

ಪ್ರಶ್ನೆ: ನಮ್ಮ ಮೇಲಿನ ಫ್ಲ್ಯಾಟಿನವರು ಊರಿಂದ 12-13ರ ಹುಡುಗಿಯನ್ನು ಮಗು ನೋಡಿಕೊಳ್ಳಲು ತಂದಿದ್ದಾರೆ. 'ನಾವೇ ಓದಿಸ್ತೀವಿ' ಅನ್ನುತ್ತಾರೆ. ಸುಮ್ನೆ ಜಗಳ ಯಾಕೆ ಅಂತ ಮನೆಯವರು ತಡೆಯುತ್ತಿದ್ದಾರೆ.
ಗೃಹಿಣಿ, ಬೆಂಗಳೂರು

ಯಾವ ಶಾಲೆ ಅಂತ ಲಿಫ್ಟಿನಲ್ಲಿ ಸಿಕ್ಕಾಗ ನಗುನಗುತ್ತಾ ಕೇಳಿ. ಹೆಸರು ಬಾರದಿದ್ದರೆ ನಿಮಗೆ ಉತ್ತರ ಸಿಕ್ಕಿತು. 14ರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷೇಧ. ಈಗ ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡದ ಹಣ ಮಗುವಿನ ಪುನರ್ವಸತಿ ನಿಧಿಗೆ ಹೋಗುತ್ತದೆ, ಸರ್ಕಾರ ಅದಕ್ಕೆ 15,000 ಸೇರಿಸುತ್ತದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ದುಡ್ಡಿಲ್ಲ. ನಿಮ್ಮ ಹೆಸರು ಗುಟ್ಟಾಗಿಡಿ ಅಂತ ಹೇಳಬಹುದು. ಫ್ಲ್ಯಾಟ್ ನಂಬರ್, ಹುಡುಗಿ ಹೊರಗೆ ಕಾಣುವ ಹೊತ್ತು ಸರಿಯಾಗಿ ತಿಳಿಸಿ. ಕರೆದೊಯ್ದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ನೀವಾಗಿ ಹೋಗಿ ಜಗಳ ತೆಗೆಯಬೇಡಿ. ಹಾಗೆ ಮಾಡಿದರೆ ರಾತ್ರೋರಾತ್ರಿ ಹುಡುಗಿಯನ್ನು ಬೇರೆ ನೆಂಟರ ಮನೆಗೆ ಸಾಗಿಸಿಬಿಡುತ್ತಾರೆ.

ಪ್ರಶ್ನೆ: ನನಗೆ 15 ತುಂಬಿದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬೇಕರಿ ಕೌಂಟರಿನಲ್ಲಿ ರಾತ್ರಿ ಹತ್ತೂವರೆವರೆಗೆ ನಿಲ್ಲಬೇಕು. ನನ್ನದೂ ಬಾಲಕಾರ್ಮಿಕ ಕೇಸಾ?
ಹೆಸರು ಬೇಡ, ದಾವಣಗೆರೆ

14 ದಾಟಿದ್ದರಿಂದ ಅಪಾಯಕಾರಿಯಲ್ಲದ ಕೆಲಸ ಮಾಡಬಹುದಪ್ಪಾ. ಆದರೆ ನಿನ್ನ ಮಾಲೀಕರು ನಿಯಮ ಮುರಿಯುತ್ತಿದ್ದಾರೆ. 18ರೊಳಗಿನವರಿಗೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೊಡುವಂತಿಲ್ಲ. ವಿಶ್ರಾಂತಿ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ. ಓವರ್‌ಟೈಮ್ ಇಲ್ಲ. ವಾರಕ್ಕೊಂದು ರಜೆ ಕೊಡಲೇಬೇಕು. ಮಾಲೀಕರಿಗೆ ಹೇಳಲು ಹೆದರಿಕೆಯಾದರೆ ಮೇಲೆ ಹೇಳಿದ 1098 ನಿನಗೂ ಇದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲೂ ದೂರು ಕೊಡಬಹುದು. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಲು ಅವಕಾಶವಿದೆ. ನೀನು ಒಂಬತ್ತನೇ ಕ್ಲಾಸು ಓದುತ್ತಿದ್ದ ಶಾಲೆಗೇ ಹೋಗಿ, ಅರ್ಜಿ ಯಾವಾಗ, ಯಾವ ಕಾಗದ ಬೇಕು ಅಂತ ಕೇಳು. ಹೋಗಲು ಮುಜುಗರವಾದರೆ ನನಗೆ ಇನ್ನೊಂದು ಕಾಗದ ಬರೆ, ಈ ಸಲ ವಿಳಾಸ ಹಾಕಿ.